ಸಾಬು (ನಟ)

ಸಾಬು (27 ಜನವರಿ 1924 – 2 ಡಿಸೆಂಬರ್ 1963) ಮೈಸೂರು ಸಂಸ್ಥಾನದಲ್ಲಿ ಹುಟ್ಟಿ, ಬ್ರಿಟಿಷ್ ಮತ್ತು ಅಮೆರಿಕನ್ ಚಲನಚಿತ್ರಗಳಲ್ಲಿ ನಾಯಕನಟರಾಗಿ ಪ್ರಸಿದ್ಧಿ ಪಡೆದ ಕಲಾವಿದರು. ಇಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮಾವುತರೊಬ್ಬರ ಮಗನಾಗಿ ಜನಿಸಿದ ಇವರು ಹದಿಮೂರನೆಯ ವಯಸ್ಸಿನಲ್ಲಿ 'ಎಲಿಫೆಂಟ್ ಬಾಯ್' (1937) ಚಿತ್ರದ ಮೂಲಕ ಪ್ರಪಂಚಕ್ಕೆ ಪರಿಚಿತರಾದರು. 'ದಿ ಥೀಫ್ ಆಫ್ ಬಗ್ದಾದ್' (1940), 'ಜಂಗಲ್ ಬುಕ್' (1942) ಮತ್ತು 'ಬ್ಲ್ಯಾಕ್ ನಾರ್ಸಿಸಸ್' (1947) ಇವರ ಇತರ ಪ್ರಮುಖ ಚಿತ್ರಗಳು. ಹಾಲಿವುಡ್‌ನಲ್ಲಿ ತಾರಾಪದವಿಗೇರಿದ ಮೊದಲ ಭಾರತೀಯ ನಟರೆಂದು ಇವರನ್ನು ಗುರುತಿಸಲಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಶೌರ್ಯಪದಕ ಪಡೆದರು. ತಮ್ಮ ವೃತ್ತಿಜೀವನದ ಯಾವ ಹಂತದಲ್ಲಿಯೂ ಇವರಿಗೆ ಭಾರತದಲ್ಲಿ ನಿರ್ಮಾಣವಾದ ಭಾರತೀಯ ಚಿತ್ರವೊಂದರಲ್ಲಿ ನಟಿಸುವ ಅವಕಾಶ ಕೂಡಿಬರಲಿಲ್ಲ.

ಹೆಸರು

ಚಿತ್ರಗಳ ಶೀರ್ಷಿಕೆಪಟ್ಟಿಯಲ್ಲಿ ಇವರ ಹೆಸರು ಕೇವಲ ಸಾಬು ಎಂದು ಬರುತ್ತಿತ್ತು. ಹಲವು ಪುಸ್ತಕಗಳಲ್ಲಿ ಹಾಗೂ ಪತ್ರಿಕೆಗಳಲ್ಲಿ ಸಾಬು ದಸ್ತಗೀರ್ ಎಂಬ ರೂಪ ಕಂಡುಬರುತ್ತದೆ. ದಸ್ತಗೀರ್ ಎಂಬುದು ಇವರ ಅಣ್ಣ ಶೇಖ್ ದಸ್ತಗೀರ್ ಅವರ ಹೆಸರು. ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ವಿದೇಶಕ್ಕೆ ತೆರಳಿದ್ದರಿಂದ ಅಣ್ಣನ ಹೆಸರು ತಮ್ಮನ ಹೆಸರಿನೊಡನೆ ಮನೆತನದ ಹೆಸರಿನಂತೆ ಸೇರಿಕೊಂಡಿತು. ಸೇಲಾರ್ ಶೇಖ್ ಸಾಬು ಎಂಬ ರೂಪವೂ ಬಳಕೆಯಲ್ಲಿದೆ.

ಜನನ ಮತ್ತು ಬಾಲ್ಯ

ಸಾಬು ಅವರು 1924ರ ಜನವರಿ 27ರಂದು ಕಬಿನಿ ನದಿಯ ದಡದ ಕಾಡಂಚಿನ ಊರಾದ ಕಾರಾಪುರದಲ್ಲಿ ಬಡ ಮುಸ್ಲಿಂ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತರು. ಈ ಪ್ರದೇಶ ಕಾಕನಕೋಟೆಯ ಕಾಡಿಗೆ ಸೇರಿದ್ದು, ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ಕಾರ್ಯಾಚರಣೆಗೆ ಹೆಸರಾಗಿತ್ತು. ಆನೆಗಳ ಹಿಂಡನ್ನು ಸುತ್ತುವರಿದು, ತಮಟೆಯ ಸದ್ದು, ಕೂಗು ಮತ್ತು ಬೆಂಕಿಯಿಂದ ಬೆದರಿಸಿ, ದೊಡ್ಡ ಮರದ ದಿಮ್ಮಿಗಳಿಂದ ಕಟ್ಟಿದ ಆವರಣದೊಳಕ್ಕೆ ನೂಕುವುದು ಖೆಡ್ಡಾದ ಕ್ರಮ. ಬಳಿಕ ಪಳಗಿದ ಆನೆಗಳ ನೆರವಿನಿಂದ ಅವುಗಳನ್ನು ಕಟ್ಟಿಹಾಕಿ ಪಳಗಿಸಲಾಗುತ್ತಿತ್ತು. ಮುಸ್ಲಿಂ ಮಾವುತರು ಮತ್ತು ಜೇನುಕುರುಬ ಸಮುದಾಯದವರು ಈ ಕೆಲಸದಲ್ಲಿ ತಲೆಮಾರುಗಳಿಂದ ನುರಿತವರಾಗಿದ್ದರು. ಮಾವುತನ ಕೆಲಸ ತಂದೆಯಿಂದ ಮಗನಿಗೆ ಬರುವ ಕಸುಬಾಗಿದ್ದು, ಮಕ್ಕಳು ಆನೆಗೆ ಮೇವು ಹಾಕುವುದು, ಹೊಳೆಯಲ್ಲಿ ಮೈತೊಳೆಸುವುದು, ಕಿವಿಯ ಹಿಂದೆ ಕಾಲೊತ್ತಿ ಆನೆಯನ್ನು ನಡೆಸುವುದು ಮುಂತಾದವುಗಳನ್ನು ಚಿಕ್ಕಂದಿನಲ್ಲಿಯೇ ಕಲಿಯುತ್ತಿದ್ದರು.

ಸಾಬು ಅವರೂ ಹೀಗೆಯೇ ಬೆಳೆದರು. ಆದರೆ ಬಾಲ್ಯದಲ್ಲಿಯೇ ತಾಯಿಯನ್ನೂ ಅನಂತರ ತಂದೆಯನ್ನೂ ಕಳೆದುಕೊಂಡರು. ತಬ್ಬಲಿಯಾದ ಬಾಲಕನಿಗೆ ಮೈಸೂರಿನ ಅರಮನೆಯ ಆನೆಲಾಯವೇ ಆಶ್ರಯವಾಯಿತು. ಅಣ್ಣ ದಸ್ತಗೀರ್ ಅವರೇ ಪೋಷಕರ ಸ್ಥಾನದಲ್ಲಿ ನಿಂತರು. ಈ ಅವಧಿಯಲ್ಲಿ ಸಾಬು ಅವರಿಗೆ ಇಂಗ್ಲಿಷ್ ಭಾಷೆಯ ಪರಿಚಯವಿರಲಿಲ್ಲ. ನಾಟಕ ಅಥವಾ ಸಿನಿಮಾದ ಸಂಪರ್ಕವೂ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡದ್ದು 1934ರಲ್ಲಿ. ಅದರ ಮರುವರ್ಷವೇ ಲಂಡನ್ನಿನ ಚಿತ್ರತಂಡವೊಂದು ಮೈಸೂರಿಗೆ ಬಂದಿತು.

ಎಲಿಫೆಂಟ್ ಬಾಯ್

1930ರ ದಶಕದಲ್ಲಿ ಹಂಗೇರಿ ಮೂಲದ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರ ಲಂಡನ್ ಫಿಲ್ಮ್ಸ್ ಸಂಸ್ಥೆ ಬ್ರಿಟನ್ನಿನ ಪ್ರಮುಖ ಚಿತ್ರ ಸಂಸ್ಥೆಯಾಗಿ ಬೆಳೆದಿತ್ತು. ರಡ್ಯಾರ್ಡ್ ಕಿಪ್ಲಿಂಗ್ ಅವರ 'ದಿ ಜಂಗಲ್ ಬುಕ್' (1894) ಸಂಕಲನದಲ್ಲಿ ಟೂಮಾಯಿ ಎಂಬ ಮಾವುತನ ಮಗನ ಕಥೆಯೊಂದಿದೆ. ಮನುಷ್ಯರು ಎಂದೂ ನೋಡಿರದ ಆನೆಗಳ ನೃತ್ಯವನ್ನು ಕಾಡಿನ ನಡುವೆ ಕಂಡ ಹುಡುಗನ ಕಥೆ ಅದು. ಇದನ್ನು ಚಿತ್ರವಾಗಿಸಲು ಕೋರ್ಡಾ ಅವರು ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅವರನ್ನು ಭಾರತಕ್ಕೆ ಕಳುಹಿಸಿದರು. 'ನಾನೂಕ್ ಆಫ್ ದಿ ನಾರ್ತ್' (1922) ಮತ್ತು 'ಮ್ಯಾನ್ ಆಫ್ ಆರನ್' (1934) ಎಂಬ ಸಾಕ್ಷ್ಯಚಿತ್ರಗಳಿಂದ ಹೆಸರಾಗಿದ್ದ ಫ್ಲಾಹರ್ಟಿ, ವೃತ್ತಿನಟರ ಬದಲು ಆಯಾ ಸ್ಥಳದ ಜನರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸುವ ಪದ್ಧತಿಯವರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಮೈಸೂರು ಸಂಸ್ಥಾನ ಈ ತಂಡಕ್ಕೆ ಅರಮನೆಯ ಆನೆಗಳನ್ನೂ ಅಗತ್ಯವಾದ ಇತರ ನೆರವನ್ನೂ ಒದಗಿಸಿತು.

ಟೂಮಾಯಿಯ ಪಾತ್ರಕ್ಕಾಗಿ ನಡೆದ ಹುಡುಕಾಟದಲ್ಲಿ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಅವರು ಆನೆಲಾಯದಲ್ಲಿದ್ದ ಸಾಬು ಅವರನ್ನು ಗುರುತಿಸಿದರು. ಆನೆಯ ಬಳಿ ಯಾವ ಅಂಜಿಕೆಯೂ ಇಲ್ಲದೆ ಓಡಾಡುವ ಸಹಜತೆ, ನಗುಮುಖ ಮತ್ತು ಕ್ಯಾಮೆರಾದ ಮುಂದೆ ಸಂಕೋಚವಿಲ್ಲದಿರುವಿಕೆ ಆಯ್ಕೆಗೆ ಕಾರಣವಾದವು. ಮೈಸೂರಿನ ಐರಾವತ ಎಂಬ ಭಾರಿ ಆನೆ ಚಿತ್ರದಲ್ಲಿ ಕಾಲಾನಾಗ್ ಎಂಬ ಆನೆಯಾಗಿ ಕಾಣಿಸಿಕೊಂಡಿತು. ಬಾಲಕ ಆನೆಯ ಸೊಂಡಿಲನ್ನು ಹಿಡಿದು ಮೇಲೇರುವ, ಅದರ ಬೆನ್ನ ಮೇಲೆ ಹೊಳೆ ದಾಟುವ ದೃಶ್ಯಗಳಿಗೆ ಬದಲಿ ನಟರ ಅಗತ್ಯ ಬೀಳಲಿಲ್ಲ. ಖೆಡ್ಡಾ ದೃಶ್ಯಗಳನ್ನು ಮೈಸೂರಿನ ಕಾಡಿನಲ್ಲಿಯೇ ಚಿತ್ರೀಕರಿಸಲಾಯಿತು.

ಫ್ಲಾಹರ್ಟಿ ಅವರು ಮೈಸೂರು ಸೀಮೆಯಲ್ಲಿ ಅಪಾರ ಪ್ರಮಾಣದ ಚಿತ್ರೀಕರಣ ನಡೆಸಿದರೂ, ಕಥೆಗೆ ಬೇಕಾದ ಸಂಭಾಷಣೆಯ ದೃಶ್ಯಗಳು ಸಾಲದೆಂದು ನಿರ್ಮಾಪಕರು ಭಾವಿಸಿದರು. ತಂಡವನ್ನು ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಉಳಿದ ಭಾಗವನ್ನು ಅಲೆಕ್ಸಾಂಡರ್ ಅವರ ತಮ್ಮ ಜೋಲ್ಟನ್ ಕೋರ್ಡಾ ಅವರು ಲಂಡನ್ ಸಮೀಪದ ಡೆನ್ಹಮ್ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. ಇದಕ್ಕಾಗಿ ಸಾಬು ಮತ್ತು ದಸ್ತಗೀರ್ ಇಬ್ಬರನ್ನೂ ಇಂಗ್ಲೆಂಡಿಗೆ ಕರೆದೊಯ್ಯಲಾಯಿತು. ಹೀಗಾಗಿ ಒಂದೇ ಚಿತ್ರದಲ್ಲಿ ಮೈಸೂರಿನ ಕಾಡು ಮತ್ತು ಇಂಗ್ಲೆಂಡಿನ ಕೃತಕ ಕಾಡು ಎರಡೂ ಬೆರೆತಿವೆ. ಬ್ರಿಟಿಷ್ ಅಧಿಕಾರಿ ಪೀಟರ್ಸನ್ ಪಾತ್ರದಲ್ಲಿ ವಾಲ್ಟರ್ ಹಡ್ ನಟಿಸಿದರು.

1937ರಲ್ಲಿ ಬಿಡುಗಡೆಯಾದ ಚಿತ್ರ ಅದೇ ವರ್ಷದ ವೆನಿಸ್ ಚಲನಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ ಅವರಿಗೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ತಂದಿತು. ಚಿತ್ರಕಥೆಯ ಕುರಿತು ಭಿನ್ನಾಭಿಪ್ರಾಯಗಳಿದ್ದರೂ ಬಾಲನಟನ ಅಭಿನಯವನ್ನು ಎಲ್ಲೆಡೆ ಮೆಚ್ಚಿಕೊಳ್ಳಲಾಯಿತು. ಆನೆಲಾಯದಲ್ಲಿ ಬೆಳೆದ ಬಾಲಕ ಲಂಡನ್ನಿನ ಪತ್ರಿಕೆಗಳಲ್ಲಿ ಪ್ರಸಿದ್ಧ ವ್ಯಕ್ತಿಯಾದರು. ನಿರ್ದೇಶಕರ ಪತ್ನಿ ಫ್ರಾನ್ಸಿಸ್ ಫ್ಲಾಹರ್ಟಿ ಅವರು ಮೈಸೂರಿನ ಚಿತ್ರೀಕರಣದ ಅನುಭವಗಳನ್ನು 'ಎಲಿಫೆಂಟ್ ಡಾನ್ಸ್' ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಇಂಗ್ಲೆಂಡಿನಲ್ಲಿ ಜೀವನ ಮತ್ತು ದಿ ಡ್ರಮ್

ಲಂಡನ್ ಫಿಲ್ಮ್ಸ್ ಸಂಸ್ಥೆ ಸಾಬು ಅವರನ್ನು ಒಪ್ಪಂದದ ಮೇಲೆ ಇಂಗ್ಲೆಂಡಿನಲ್ಲಿಯೇ ಉಳಿಸಿಕೊಂಡಿತು. ಅವರು ಬೀಕನ್ಸ್‌ಫೀಲ್ಡ್‌ನ ಶಾಲೆಯೊಂದಕ್ಕೆ ಸೇರಿ ಇಂಗ್ಲಿಷ್ ಕಲಿತರು. ಮೊದಲ ಚಿತ್ರದಲ್ಲಿ ಹೇಳಿಕೊಟ್ಟ ಮಾತುಗಳನ್ನು ಉಚ್ಚರಿಸುತ್ತಿದ್ದ ಬಾಲಕ ಕೆಲವೇ ವರ್ಷಗಳಲ್ಲಿ ಆ ಭಾಷೆಯಲ್ಲಿ ಸರಾಗವಾಗಿ ಮಾತನಾಡಬಲ್ಲ ನಟರಾದರು.

ಎರಡನೆಯ ಚಿತ್ರ 'ದಿ ಡ್ರಮ್' (1938) ವರ್ಣದಲ್ಲಿ ತಯಾರಾಯಿತು. ಎ. ಇ. ಡಬ್ಲ್ಯೂ. ಮೇಸನ್ ಅವರ ಕಥೆಯನ್ನು ಆಧರಿಸಿದ ಈ ಚಿತ್ರವನ್ನು ಜೋಲ್ಟನ್ ಕೋರ್ಡಾ ನಿರ್ದೇಶಿಸಿದರು. ರೋಜರ್ ಲಿವ್ಸಿ, ವ್ಯಾಲರಿ ಹಾಬ್ಸನ್ ಮತ್ತು ರೇಮಂಡ್ ಮ್ಯಾಸಿ ಇತರ ಮುಖ್ಯ ನಟರು. ಭಾರತದ ವಾಯವ್ಯ ಗಡಿ ಪ್ರಾಂತದಲ್ಲಿ ನಡೆಯುವ ಕಥೆಯಲ್ಲಿ ಸಾಬು ಅವರದು ರಾಜಕುಮಾರ ಅಜೀಮ್‌ನ ಪಾತ್ರ. ಬಂಡಾಯ ಹೂಡಿದ ಚಿಕ್ಕಪ್ಪನ ವಿರುದ್ಧ ಬ್ರಿಟಿಷ್ ಸೈನ್ಯಕ್ಕೆ ನೆರವಾಗುವ ಹುಡುಗ ಇವನು. ಸ್ವಾತಂತ್ರ್ಯ ಚಳವಳಿ ತೀವ್ರವಾಗಿದ್ದ ಆ ಕಾಲದಲ್ಲಿ ಚಿತ್ರದ ಸಾಮ್ರಾಜ್ಯಪರ ನಿಲುವು ಭಾರತದಲ್ಲಿ ಕೋಪಕ್ಕೆ ಕಾರಣವಾಯಿತು. 1938ರಲ್ಲಿ ಮುಂಬಯಿ ಮತ್ತು ಮದರಾಸುಗಳಲ್ಲಿ ಪ್ರತಿಭಟನೆಗಳು ನಡೆದು ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಇಂಗ್ಲೆಂಡಿನ ಪ್ರೇಕ್ಷಕರು ಮೆಚ್ಚಿದ ನಟನ ಚಿತ್ರವನ್ನು ಅವರ ತಾಯ್ನಾಡಿನ ಜನ ತಿರಸ್ಕರಿಸಿದರು. ಆಗ ಸಾಬು ಅವರಿಗೆ ಹದಿನಾಲ್ಕು ವರ್ಷ.

ದಿ ಥೀಫ್ ಆಫ್ ಬಗ್ದಾದ್

ಸಾಬು ಅವರ ಖ್ಯಾತಿಯನ್ನು ಸ್ಥಿರಗೊಳಿಸಿದ ಚಿತ್ರ 'ದಿ ಥೀಫ್ ಆಫ್ ಬಗ್ದಾದ್' (1940). ಅರೇಬಿಯನ್ ನೈಟ್ಸ್ ಮಾದರಿಯ ಈ ಅದ್ಭುತರಮ್ಯ ಕಥೆಯಲ್ಲಿ ಅವರು ಅಬು ಎಂಬ ಚತುರ ಕಳ್ಳ ಹುಡುಗನ ಪಾತ್ರ ವಹಿಸಿದರು. ಕಾನ್ರಾಡ್ ವೈಟ್ ಅವರು ಮಾಂತ್ರಿಕ ಜಾಫರ್ ಆಗಿಯೂ, ಜಾನ್ ಜಸ್ಟಿನ್ ಮತ್ತು ಜೂನ್ ಡುಪ್ರೇ ಪ್ರೇಮಿಗಳಾಗಿಯೂ, ರೆಕ್ಸ್ ಇನ್‌ಗ್ರಾಮ್ ಅವರು ಸೀಸೆಯಿಂದ ಹೊರಬರುವ ಬೃಹದಾಕಾರದ ಜಿನ್ ಆಗಿಯೂ ನಟಿಸಿದರು. ಲುಡ್ವಿಗ್ ಬರ್ಗರ್, ಮೈಕೆಲ್ ಪವೆಲ್ ಮತ್ತು ಟಿಮ್ ವೀಲನ್ ನಿರ್ದೇಶಕರು. ಮಿಕ್ಲೋಸ್ ರೋಜಾ ಸಂಗೀತ ನೀಡಿದರು.

ಡೆನ್ಹಮ್‌ನಲ್ಲಿ ಚಿತ್ರೀಕರಣ ನಡೆಯುತ್ತಿರುವಾಗಲೇ 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಕೆಲಸ ಮುಂದುವರಿಸುವುದು ಕಷ್ಟವಾದುದರಿಂದ ಚಿತ್ರವನ್ನು ಅಮೆರಿಕದಲ್ಲಿ ಪೂರ್ಣಗೊಳಿಸಲಾಯಿತು. ಕೆಲವು ದೃಶ್ಯಗಳು ಗ್ರಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಚಿತ್ರಿತವಾದವು. ಸಾಬು ಅವರು ಇಂಗ್ಲೆಂಡ್ ಬಿಟ್ಟು ಅಮೆರಿಕಕ್ಕೆ ಹೋದದ್ದು ಈ ಕಾರಣದಿಂದಲೇ. ಮುಂದೆ ಅದೇ ಅವರ ನೆಲೆಯಾಯಿತು.

ಚಿತ್ರ ವರ್ಣ ಛಾಯಾಗ್ರಹಣ, ವರ್ಣ ಕಲಾನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಮೂರು ಅಕಾಡೆಮಿ ಪ್ರಶಸ್ತಿಗಳನ್ನು ಪಡೆಯಿತು. ಹಾರುವ ಚಾಪೆ, ಹಾರುವ ಕುದುರೆ, ದೈತ್ಯನ ಅಂಗೈಯಲ್ಲಿ ನಿಂತ ಪುಟ್ಟ ಹುಡುಗ ಮುಂತಾದ ದೃಶ್ಯಗಳು ಮುಂದಿನ ಅನೇಕ ಚಿತ್ರಗಳಿಗೆ ಮಾದರಿಯಾದವು. 1992ರ ಡಿಸ್ನಿ ಚಿತ್ರ 'ಅಲಾದಿನ್'ನಲ್ಲಿ ಬರುವ ಜಾಫರ್ ಮತ್ತು ಅಬು ಎಂಬ ಹೆಸರುಗಳ ಹಿಂದೆಯೂ ಇದರ ಪ್ರಭಾವವಿದೆ. ಈ ಚಿತ್ರದಲ್ಲಿ ಸಾಬು ಅವರು ಯಾರ ಸೇವಕನೂ ಅಲ್ಲ. ಕಥೆಯನ್ನು ತನ್ನ ಬುದ್ಧಿಯಿಂದ ಮುಂದಕ್ಕೆ ಒಯ್ಯುವ, ರಾಜನನ್ನೇ ಅಪಾಯದಿಂದ ಪಾರುಮಾಡುವ ನಾಯಕ.

ಹಾಲಿವುಡ್ ವರ್ಷಗಳು

1942ರಲ್ಲಿ ಜೋಲ್ಟನ್ ಕೋರ್ಡಾ ನಿರ್ದೇಶನದ 'ಜಂಗಲ್ ಬುಕ್' ಬಿಡುಗಡೆಯಾಯಿತು. ತೋಳಗಳ ನಡುವೆ ಬೆಳೆದ ಮೌಗ್ಲಿಯ ಪಾತ್ರದಲ್ಲಿ ಸಾಬು ನಟಿಸಿದರು. ಭಾರತದ ಕಾಡನ್ನು ಕ್ಯಾಲಿಫೋರ್ನಿಯಾದಲ್ಲಿ ಮರುಸೃಷ್ಟಿಸಲಾಗಿತ್ತು. ಚಿತ್ರ ನಾಲ್ಕು ವಿಭಾಗಗಳಲ್ಲಿ ಅಕಾಡೆಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ರೋಜಾ ಅವರ ಹಿನ್ನೆಲೆ ಸಂಗೀತವನ್ನು ಸಾಬು ಅವರ ನಿರೂಪಣೆಯೊಡನೆ ಗ್ರಾಮಫೋನ್ ತಟ್ಟೆಗಳಲ್ಲಿ ಹೊರತರಲಾಯಿತು. ಅಮೆರಿಕದ ಚಿತ್ರವೊಂದರ ಹಿನ್ನೆಲೆ ಸಂಗೀತ ಹೀಗೆ ಮಾರಾಟಕ್ಕೆ ಬಂದ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು.

ಅನಂತರ ಯೂನಿವರ್ಸಲ್ ಸಂಸ್ಥೆಯ ಒಪ್ಪಂದದಲ್ಲಿ 'ಅರೇಬಿಯನ್ ನೈಟ್ಸ್' (1942), 'ವೈಟ್ ಸ್ಯಾವೇಜ್' (1943) ಮತ್ತು 'ಕೋಬ್ರಾ ವುಮನ್' (1944) ಚಿತ್ರಗಳಲ್ಲಿ ನಟಿಸಿದರು. ಮೂರರಲ್ಲಿಯೂ ಮರಿಯಾ ಮಾಂಟೆಜ್ ಮತ್ತು ಜಾನ್ ಹಾಲ್ ನಾಯಕಿ ಹಾಗೂ ನಾಯಕರು. ಯುದ್ಧಕಾಲದ ಪ್ರೇಕ್ಷಕರಿಗೆ ಬಣ್ಣಬಣ್ಣದ ಕಾಲ್ಪನಿಕ ಲೋಕವನ್ನು ತೋರಿಸಿದ ಈ ಚಿತ್ರಗಳು ಜನಪ್ರಿಯವಾದವು. ಆದರೆ ಇವುಗಳಲ್ಲಿ ಸಾಬು ಅವರದು ನಾಯಕನ ತಮಾಷೆಯ ಗೆಳೆಯನ ಪಾತ್ರ. ಕೋರ್ಡಾ ಚಿತ್ರಗಳಲ್ಲಿ ಕಥೆಯ ಕೇಂದ್ರದಲ್ಲಿದ್ದ ನಟ ಇಲ್ಲಿ ಬದಿಗೆ ಸರಿದರು.

ಪೌರತ್ವ ಮತ್ತು ಸೇನಾ ಸೇವೆ

ಸಾಬು ಅವರು 1944ರ ಜನವರಿಯಲ್ಲಿ ಅಮೆರಿಕದ ಪೌರತ್ವ ಪಡೆದರು. ಭಾರತೀಯರಿಗೆ ಅಮೆರಿಕದ ಪೌರತ್ವ ಸಲ್ಲದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ 1923ರಲ್ಲಿ ತೀರ್ಪು ನೀಡಿತ್ತು. ಭಾರತೀಯರಿಗೆ ಸಾಮಾನ್ಯವಾಗಿ ಪೌರತ್ವದ ಬಾಗಿಲು ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯಿದೆಯಿಂದ. ಅದಕ್ಕೂ ಮೊದಲೇ ಪೌರತ್ವ ದೊರೆತ ಕೆಲವರಲ್ಲಿ ಸಾಬು ಒಬ್ಬರು.

ಖ್ಯಾತಿಯ ಉತ್ತುಂಗದಲ್ಲಿದ್ದಾಗಲೇ ಅವರು ಚಿತ್ರರಂಗವನ್ನು ಬಿಟ್ಟು ಅಮೆರಿಕದ ವಾಯುಪಡೆಗೆ ಸೇರಿದರು. ಪೆಸಿಫಿಕ್ ರಣರಂಗದಲ್ಲಿ ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಕಾರ್ಯನಿರ್ವಹಿಸಿದರು. ಶತ್ರುವಿಮಾನಗಳ ದಾಳಿಗೆ ಪ್ರತಿಯಾಗಿ ಗುಂಡು ಹಾರಿಸುತ್ತ ತಮ್ಮ ವಿಮಾನವನ್ನು ಕಾಯುವುದು ಗನ್ನರ್‌ನ ಹೊಣೆ. ಇಕ್ಕಟ್ಟಾದ ಗುಂಡುಗೋಪುರದಲ್ಲಿ ಗಂಟೆಗಟ್ಟಲೆ ಕುಳಿತಿರಬೇಕಾದ ಈ ಕೆಲಸ ಬಾಂಬರ್ ವಿಮಾನದ ಅಪಾಯಕರ ಹುದ್ದೆಗಳಲ್ಲಿ ಒಂದಾಗಿತ್ತು. ಹಲವಾರು ದಾಳಿಗಳಲ್ಲಿ ಭಾಗವಹಿಸಿದ ಸಾಬು ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ನೀಡಲಾಯಿತು.

ಯುದ್ಧಾನಂತರದ ಚಿತ್ರಗಳು

ಯುದ್ಧ ಮುಗಿದ ಮೇಲೆ ಚಿತ್ರರಂಗಕ್ಕೆ ಮರಳಿದಾಗ ಪರಿಸ್ಥಿತಿ ಬದಲಾಗಿತ್ತು. ಸಾಬು ಬಾಲಕರಾಗಿ ಉಳಿದಿರಲಿಲ್ಲ. ಅದ್ಭುತರಮ್ಯ ಚಿತ್ರಗಳ ಬೇಡಿಕೆಯೂ ಕುಗ್ಗಿತ್ತು. 'ಟ್ಯಾಂಜಿಯರ್' (1946) ಚಿತ್ರದ ಬಳಿಕ ಅವರು ಇಂಗ್ಲೆಂಡಿನಲ್ಲಿ ಎರಡು ಚಿತ್ರಗಳಲ್ಲಿ ಕಾಣಿಸಿಕೊಂಡರು.

ಮೊದಲನೆಯದು ಮೈಕೆಲ್ ಪವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಅವರ 'ಬ್ಲ್ಯಾಕ್ ನಾರ್ಸಿಸಸ್' (1947). ರೂಮರ್ ಗಾಡನ್ ಅವರ ಕಾದಂಬರಿಯನ್ನು ಆಧರಿಸಿದ ಇದು ಹಿಮಾಲಯದ ತಪ್ಪಲಿನ ಹಳೆಯ ಅರಮನೆಯೊಂದರಲ್ಲಿ ಮಠ ಸ್ಥಾಪಿಸುವ ಕ್ರೈಸ್ತ ಸನ್ಯಾಸಿನಿಯರ ಕಥೆ. ಡೆಬೊರಾ ಕೆರ್ ಮುಖ್ಯ ಪಾತ್ರದಲ್ಲಿದ್ದರು. ಸಾಬು ಅವರು ಅಲಂಕಾರಪ್ರಿಯನಾದ ಯುವ ಜನರಲ್‌ನ ಪಾತ್ರ ವಹಿಸಿದರು. ಅವನು ಪೂಸಿಕೊಳ್ಳುವ ಸುಗಂಧದ್ರವ್ಯದ ಹೆಸರೇ ಚಿತ್ರದ ಶೀರ್ಷಿಕೆ. ಚಿತ್ರ ಭಾರತದಲ್ಲಿ ಅಲ್ಲ, ಬಹುಪಾಲು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ತಯಾರಾಯಿತು. ಭಾರತೀಯ ಹುಡುಗಿ ಕಾಂಚಿಯ ಪಾತ್ರವನ್ನು ಮುಖಕ್ಕೆ ಬಣ್ಣ ಹಚ್ಚಿಕೊಂಡ ಇಂಗ್ಲಿಷ್ ನಟಿ ಜೀನ್ ಸಿಮನ್ಸ್ ನಿರ್ವಹಿಸಿದರು. ಈ ಚಿತ್ರ ಛಾಯಾಗ್ರಹಣ ಮತ್ತು ಕಲಾನಿರ್ದೇಶನಕ್ಕಾಗಿ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪವೆಲ್ ಮತ್ತು ಪ್ರೆಸ್‌ಬರ್ಗರ್ ನಿರ್ಮಿಸಿದ 'ದಿ ಎಂಡ್ ಆಫ್ ದಿ ರಿವರ್' (1947) ಚಿತ್ರದಲ್ಲಿ ಸಾಬು ಅವರದು ಬ್ರೆಜಿಲ್‌ನ ಮೂಲನಿವಾಸಿ ಯುವಕನ ಪಾತ್ರ. ಇದು ನಿರೀಕ್ಷಿತ ಯಶಸ್ಸು ಗಳಿಸಲಿಲ್ಲ.

ಅಮೆರಿಕಕ್ಕೆ ಮರಳಿ 'ಮ್ಯಾನ್-ಈಟರ್ ಆಫ್ ಕುಮಾವೂನ್' (1948), 'ಸಾಂಗ್ ಆಫ್ ಇಂಡಿಯಾ' (1949), 'ಸ್ಯಾವೇಜ್ ಡ್ರಮ್ಸ್' (1951) ಚಿತ್ರಗಳಲ್ಲಿ ನಟಿಸಿದರು. ಮುಂದಿನ ಚಿತ್ರಗಳು ಬಹುಮಟ್ಟಿಗೆ ಕಡಿಮೆ ವೆಚ್ಚದವು. 'ಜಂಗಲ್ ಹೆಲ್' (1956) ಚಿತ್ರ ತೆರೆಕಂಡಾಗ ಅವರಿಗೆ ಮೂವತ್ತೆರಡು ವರ್ಷ. ಆದರೂ ಪಾತ್ರ ಮಾತ್ರ ಸಾಬು ಎಂಬ ಹೆಸರಿನ ಕಾಡಿನ ಹುಡುಗನದೇ. 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್' (1957) ಚಿತ್ರದಲ್ಲಿ ಲಾಯದ ಹುಡುಗನ ಪಾತ್ರ.

ಸರ್ಕಸ್ ಮತ್ತು ಇಟಲಿಯ ಚಿತ್ರಗಳು

1950ರ ದಶಕದ ಆರಂಭದಲ್ಲಿ ಚಿತ್ರಗಳ ಅವಕಾಶ ಕಡಿಮೆಯಾದಾಗ ಸಾಬು ಅವರು ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆಗಳ ಪ್ರದರ್ಶನ ನೀಡಿದರು. ಬಾಲ್ಯದಲ್ಲಿ ಕುಟುಂಬದಿಂದ ಕಲಿತ ಕಸುಬೇ ಇಲ್ಲಿ ಅವರ ನೆರವಿಗೆ ಬಂದಿತು. ಇಟಲಿಯಲ್ಲಿ ವಿಟ್ಟೋರಿಯೊ ಡಿ ಸೀಕಾ ಅವರೊಡನೆ 'ಬೊನ್‌ಜೋರ್ನೊ, ಎಲೆಫಾಂತೆ!' (1952) ಎಂಬ ಹಾಸ್ಯಚಿತ್ರದಲ್ಲಿ ನಟಿಸಿದರು. ಬಡ ಶಾಲಾಶಿಕ್ಷಕನೊಬ್ಬನಿಗೆ ಆನೆಮರಿಯೊಂದನ್ನು ಉಡುಗೊರೆಯಾಗಿ ನೀಡುವ ಭಾರತೀಯ ರಾಜನ ಪಾತ್ರ ಇವರದು. 'ದಿ ಟ್ರೆಷರ್ ಆಫ್ ಬೆಂಗಾಲ್' ಎಂಬ ಇನ್ನೊಂದು ಇಟಾಲಿಯನ್ ಚಿತ್ರದಲ್ಲಿಯೂ ಕಾಣಿಸಿಕೊಂಡರು.

ಮದರ್ ಇಂಡಿಯಾ ಪ್ರಸಂಗ

ನಿರ್ದೇಶಕ ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಸಾಬು ಅವರನ್ನು ಆಯ್ಕೆ ಮಾಡಿದ್ದರು. ಆದರೆ ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಭಾರತದಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿ ದೊರೆಯಲಿಲ್ಲ. ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು. 1957ರಲ್ಲಿ ಬಿಡುಗಡೆಯಾದ ಚಿತ್ರ ಅಪಾರ ಯಶಸ್ಸು ಗಳಿಸಿ, ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ವಿಭಾಗದಲ್ಲಿ ಅಕಾಡೆಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಭಾರತದ ಮೊದಲ ಚಿತ್ರವಾಯಿತು. ಸುನಿಲ್ ದತ್ ಅವರ ತಾರಾಜೀವನಕ್ಕೂ ಇದು ಬುನಾದಿಯಾಯಿತು. ವಿದೇಶದಲ್ಲಿ ಸದಾ ಭಾರತೀಯನಾಗಿಯೇ ಗುರುತಿಸಲ್ಪಟ್ಟ ನಟ ಸ್ವದೇಶದಲ್ಲಿ ಕಾನೂನಿನ ದೃಷ್ಟಿಯಿಂದ ವಿದೇಶಿಯಾಗಿದ್ದರು.

ವೈಯಕ್ತಿಕ ಜೀವನ

ಸಾಬು ಅವರು 1948ರಲ್ಲಿ ಅಮೆರಿಕದ ನಟಿ ಮೆರಿಲಿನ್ ಕೂಪರ್ ಅವರನ್ನು ವಿವಾಹವಾದರು. 'ಸಾಂಗ್ ಆಫ್ ಇಂಡಿಯಾ' ಚಿತ್ರದ ಸಂದರ್ಭದಲ್ಲಿ ಇವರಿಬ್ಬರ ಪರಿಚಯವಾಗಿತ್ತು. ದಂಪತಿಗಳಿಗೆ ಒಬ್ಬ ಮಗ ಮತ್ತು ಒಬ್ಬ ಮಗಳು. ಮಗ ಪಾಲ್ ಸಾಬು ರಾಕ್ ಸಂಗೀತಗಾರರಾದರು. ಮಗಳು ಜಾಸ್ಮಿನ್ ಸಾಬು ಚಿತ್ರಗಳಿಗಾಗಿ ಪ್ರಾಣಿಗಳನ್ನು ಪಳಗಿಸುವ ವೃತ್ತಿಯನ್ನು ಕೈಗೊಂಡರು. ಕಾರಾಪುರದ ಕುಟುಂಬದ ಕಸುಬು ಹೀಗೆ ಬೇರೊಂದು ರೂಪದಲ್ಲಿ ಮುಂದಿನ ಪೀಳಿಗೆಯಲ್ಲಿಯೂ ಉಳಿಯಿತು.

ಅಣ್ಣ ದಸ್ತಗೀರ್ ಅವರು ಬಾಲ್ಯದಿಂದಲೂ ಸಾಬು ಅವರ ಜೊತೆಗಿದ್ದರು. ಸಹೋದರರು ಕ್ಯಾಲಿಫೋರ್ನಿಯಾದಲ್ಲಿ ಪೀಠೋಪಕರಣಗಳ ಅಂಗಡಿಯೊಂದನ್ನು ನಡೆಸುತ್ತಿದ್ದರು. 1960ರಲ್ಲಿ ದರೋಡೆಯ ಪ್ರಯತ್ನವೊಂದರಲ್ಲಿ ದಸ್ತಗೀರ್ ಕೊಲೆಯಾದರು.

ಕೊನೆಯ ವರ್ಷಗಳು ಮತ್ತು ನಿಧನ

ಕೊನೆಯ ವರ್ಷಗಳಲ್ಲಿ ಸಾಬು ಅವರು ಸ್ಥಿರಾಸ್ತಿ ವ್ಯವಹಾರದಲ್ಲಿ ತೊಡಗಿದ್ದರು. ಇದರ ನಡುವೆ ರಾಬರ್ಟ್ ಮಿಚಮ್ ನಾಯಕರಾಗಿದ್ದ 'ರ‍್ಯಾಂಪೇಜ್' (1963) ಹಾಗೂ ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್' (1964) ಚಿತ್ರಗಳಲ್ಲಿ ಪೋಷಕ ಪಾತ್ರಗಳನ್ನು ನಿರ್ವಹಿಸಿದರು. ಎರಡನೆಯ ಚಿತ್ರ ತೆರೆಕಾಣುವ ಮೊದಲೇ, 1963ರ ಡಿಸೆಂಬರ್ 2ರಂದು, ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 39 ವರ್ಷ. ಲಾಸ್ ಏಂಜಲೀಸ್‌ನ ಹಾಲಿವುಡ್ ಹಿಲ್ಸ್‌ನಲ್ಲಿರುವ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪಾತ್ರಗಳ ಸ್ವರೂಪ ಮತ್ತು ಮೌಲ್ಯಮಾಪನ

ಸಾಬು ಅವರ ವೃತ್ತಿಜೀವನವನ್ನು ಎರಡು ದೃಷ್ಟಿಗಳಿಂದ ನೋಡಲಾಗುತ್ತದೆ. ಯುರೋಪಿಯನ್ ನಟರೇ ಬಣ್ಣ ಹಚ್ಚಿಕೊಂಡು ಏಷ್ಯಾದವರ ಪಾತ್ರಗಳನ್ನು ವಹಿಸುತ್ತಿದ್ದ ಕಾಲದಲ್ಲಿ, ಯಾವ ಪ್ರಭಾವವೂ ಇಲ್ಲದ ಭಾರತೀಯ ಬಾಲಕನೊಬ್ಬ ದೊಡ್ಡ ವೆಚ್ಚದ ಚಿತ್ರಗಳ ಮುಖ್ಯ ಆಕರ್ಷಣೆಯಾದದ್ದು ಅಸಾಧಾರಣ ಸಂಗತಿ. ಶೀರ್ಷಿಕೆಪಟ್ಟಿಯಲ್ಲಿ ಅವರ ಹೆಸರು ಅನುಭವಿ ನಟರ ಹೆಸರುಗಳ ಜೊತೆಗೆ ಅಗ್ರಸ್ಥಾನದಲ್ಲಿ ಬರುತ್ತಿತ್ತು. ದೇಹದ ಚುರುಕುತನ, ಪ್ರಾಣಿಗಳೊಡನೆ ಸಲೀಸು ಮತ್ತು ಮುಕ್ತವಾದ ನಗು ಅವರ ಅಭಿನಯದ ಶಕ್ತಿಗಳಾಗಿದ್ದವು.

ಮತ್ತೊಂದೆಡೆ ಅವರಿಗೆ ದೊರೆತ ಪಾತ್ರಗಳ ವ್ಯಾಪ್ತಿ ಕಿರಿದಾಗಿತ್ತು. ಕಾಡಿನ ಹುಡುಗ, ಪೂರ್ವದೇಶದ ರಾಜಕುಮಾರ, ನಿಷ್ಠಾವಂತ ಅನುಚರ ಎಂಬ ಅಚ್ಚುಗಳಿಂದ ಹೊರಬರುವ ಅವಕಾಶ ಅಪರೂಪವಾಗಿತ್ತು. ಚಿತ್ರದ ಪ್ರೇಮಕಥೆ ಸಾಮಾನ್ಯವಾಗಿ ಬೇರೆ ನಟರಿಗೆ ಮೀಸಲಾಗಿರುತ್ತಿತ್ತು. ಭಿನ್ನ ವರ್ಣದವರ ನಡುವಿನ ಪ್ರೇಮವನ್ನು ತೋರಿಸಲು ಅಂದಿನ ಹಾಲಿವುಡ್ ಹಿಂಜರಿಯುತ್ತಿದ್ದುದು ಇದಕ್ಕೆ ಒಂದು ಕಾರಣ. ಬಾಲ್ಯದಲ್ಲಿ ಪ್ರಸಿದ್ಧಿ ತಂದ ಪ್ರತಿಮೆಯೇ ಪ್ರೌಢ ವಯಸ್ಸಿನಲ್ಲಿ ಬಂಧನವಾಯಿತು. ಸಾಮ್ರಾಜ್ಯಶಾಹಿ ಕಾಲದ ಸಿನಿಮಾ ಭಾರತವನ್ನು ಹೇಗೆ ಚಿತ್ರಿಸಿತು ಎಂಬುದನ್ನು ಅಭ್ಯಾಸ ಮಾಡುವವರಿಗೆ ಸಾಬು ಅವರ ಚಿತ್ರಗಳು ಮುಖ್ಯ ಆಕರಗಳಾಗಿವೆ.

ಸ್ಮರಣೆ

1960ರಲ್ಲಿ ಸಾಬು ಅವರ ಹೆಸರಿನ ನಕ್ಷತ್ರವನ್ನು ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅಳವಡಿಸಲಾಯಿತು. ಅಮೆರಿಕದ ಗಾಯಕ ಜಾನ್ ಪ್ರೈನ್ ಅವರು 1978ರ ಗೀತೆಯೊಂದರಲ್ಲಿ, ಚಿತ್ರದ ಪ್ರಚಾರಕ್ಕಾಗಿ ಅಪರಿಚಿತ ನಗರಗಳಲ್ಲಿ ಒಂಟಿಯಾಗಿ ಅಲೆಯುವ ಸಾಬು ಅವರನ್ನು ಕಲ್ಪಿಸಿಕೊಂಡಿದ್ದಾರೆ.

ಅವರು ಬೆಳೆದ ಪರಿಸರವೂ ಇಂದು ಬಹಳ ಬದಲಾಗಿದೆ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕಬಿನಿ ಜಲಾಶಯದ ನಿರ್ಮಾಣದಿಂದ ಆ ಕಾಡಿನ ಒಂದು ಭಾಗ ಮುಳುಗಡೆಯಾಯಿತು. ಮಹಾರಾಜರ ಕಾಲದ ಬೇಟೆಬಂಗಲೆಯಿದ್ದ ಕಾರಾಪುರ ಈಗ ನಾಗರಹೊಳೆ ಅರಣ್ಯವನ್ನು ನೋಡಬಯಸುವ ಪ್ರವಾಸಿಗರ ತಾಣ. ಖೆಡ್ಡಾ ಕಾಲದ ಕಾಡನ್ನೂ, ಅಲ್ಲಿನ ಆನೆ ಮತ್ತು ಮಾವುತರನ್ನೂ ಚಲಿಸುವ ಚಿತ್ರಗಳಲ್ಲಿ ಉಳಿಸಿಕೊಟ್ಟ ದಾಖಲೆಯಾಗಿ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ಕರ್ನಾಟಕದ ಇತಿಹಾಸದಲ್ಲಿಯೂ ಮಹತ್ವವಿದೆ.

ಪ್ರಮುಖ ಚಲನಚಿತ್ರಗಳು

1937 – ಎಲಿಫೆಂಟ್ ಬಾಯ್ (ಟೂಮಾಯಿ)
1938 – ದಿ ಡ್ರಮ್ (ರಾಜಕುಮಾರ ಅಜೀಮ್)
1940 – ದಿ ಥೀಫ್ ಆಫ್ ಬಗ್ದಾದ್ (ಅಬು)
1942 – ಜಂಗಲ್ ಬುಕ್ (ಮೌಗ್ಲಿ)
1942 – ಅರೇಬಿಯನ್ ನೈಟ್ಸ್
1943 – ವೈಟ್ ಸ್ಯಾವೇಜ್
1944 – ಕೋಬ್ರಾ ವುಮನ್
1946 – ಟ್ಯಾಂಜಿಯರ್
1947 – ಬ್ಲ್ಯಾಕ್ ನಾರ್ಸಿಸಸ್ (ಯುವ ಜನರಲ್)
1947 – ದಿ ಎಂಡ್ ಆಫ್ ದಿ ರಿವರ್
1948 – ಮ್ಯಾನ್-ಈಟರ್ ಆಫ್ ಕುಮಾವೂನ್
1949 – ಸಾಂಗ್ ಆಫ್ ಇಂಡಿಯಾ
1951 – ಸ್ಯಾವೇಜ್ ಡ್ರಮ್ಸ್
1952 – ಬೊನ್‌ಜೋರ್ನೊ, ಎಲೆಫಾಂತೆ!
1956 – ಜಂಗಲ್ ಹೆಲ್
1957 – ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್
1963 – ರ‍್ಯಾಂಪೇಜ್
1964 – ಎ ಟೈಗರ್ ವಾಕ್ಸ್ (ಮರಣೋತ್ತರ ಬಿಡುಗಡೆ)